ಹರಕೆ ಅವಳದು, ಉರಿ ಅವನದು

ಮಕ್ಕಳಾಗಲಿಲ್ಲ ಎಂದರೆ ಮೊದಲು ಕಟಕಟೆ ಹತ್ತುವವಳು ಹೆಂಡತಿ. ಗಂಡನ ಕಿಬ್ಬೊಟ್ಟೆಯ ನೋವು, ಮೂತ್ರದ ಉರಿ, ಹಾಸಿಗೆಯ ಹಿಂಜರಿಕೆ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಉರಿಯೂತ ಗಂಡಸುತನವನ್ನು ಕಿತ್ತುಕೊಳ್ಳುತ್ತದೆಯೇ? ಮಕ್ಕಳಾಗುವ ದಾರಿಯನ್ನು ಮುಚ್ಚುತ್ತದೆಯೇ? ಕಾಯಿಲೆ ಮಾಡುವ ಹಾನಿಗಿಂತ ಅದನ್ನು ಮುಚ್ಚಿಟ್ಟು ಮಾಡಿಕೊಳ್ಳುವ ಹಾನಿಯೇ ದೊಡ್ಡದು.

ಮಾರ್ಗಶಿರ ಮಾಸದ ಷಷ್ಠಿ. ಕಾವೇರಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೊಣನೂರಿನಿಂದ ರಾಮನಾಥಪುರಕ್ಕೆ ಹೊರಟ ಬಸ್ಸಿನ ಮೆಟ್ಟಿಲ ಮೇಲೂ ಜನ. ಅಲ್ಲಿ ಸುಬ್ರಹ್ಮಣ್ಯಸ್ವಾಮಿಯ ತೇರು, ಜೊತೆಗೆ ದನಗಳ ಜಾತ್ರೆ. ಹೊಳೆಯಲ್ಲಿ ಮುಳುಗು ಹಾಕಿ ಬಂದ ಹೆಂಗಸರು ಒದ್ದೆ ತಲೆಯಲ್ಲೇ ನಾಗರಕಲ್ಲಿಗೆ ಹಾಲೆರೆದು ಕೈ ಮುಗಿಯುತ್ತಾರೆ. ಮಕ್ಕಳ ಭಾಗ್ಯ ಬೇಡುವವರಿಗೆ ಈ ಸೀಮೆಯಲ್ಲಿ ಸುಬ್ಬಪ್ಪನೇ ದಿಕ್ಕು.

ಆ ಜನರ ನಡುವೆ ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಮದುವೆಯಾಗಿ ನಾಲ್ಕು ವರ್ಷ. ಹೆಂಡತಿಯದು ಉಪವಾಸ. ಹಾಸನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದಾಳೆ, ಗರ್ಭನಾಳಕ್ಕೆ ಔಷಧ ಬಿಟ್ಟು ತೆಗೆಯುವ ಎಕ್ಸ್‌ರೇ ನೋವನ್ನು ಹಲ್ಲು ಕಚ್ಚಿ ಸಹಿಸಿದ್ದಾಳೆ, ಅತ್ತೆ ಹೇಳಿದ ಪೂಜೆಗಳಲ್ಲಿ ಒಂದನ್ನೂ ಬಿಟ್ಟಿಲ್ಲ.

ಗಂಡ ಆಚೆ ಬೈಕಿನ ಪಕ್ಕ ನಿಂತಿದ್ದಾನೆ. ಕೂತರೆ ನೋವು. ವೃಷಣಗಳ ಹಿಂದೆ, ಗುದದ್ವಾರದ ಮುಂದೆ, ನಾಲ್ಕು ಜನರೆದುರು ಮುಟ್ಟಿ ತೋರಿಸಲಾಗದ ಜಾಗದಲ್ಲಿ ಏನೋ ಹಿಂಡಿದಂತೆ. ಮೂತ್ರ ಮಾಡುವಾಗ ಉರಿ. ಸ್ಖಲನವಾದ ಮೇಲೆ ಅರ್ಧ ಗಂಟೆ ಸೆಳೆತ. ಹೀಗಾಗಿ ಆರು ತಿಂಗಳಾಯಿತು.

ಅಮ್ಮನಿಗೆ ‘ಹೀಟಾಗಿದೆ’ ಎಂದ. ಎಳನೀರು ಬಂತು, ಬಾರ್ಲಿ ನೀರು ಬಂತು, ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ ಬಂತು. ಮೆಡಿಕಲ್ಸಿನಲ್ಲಿ ‘ಅಣ್ಣಾ, ಉರಿಮೂತ್ರಕ್ಕೆ ಏನಾದ್ರೂ ಕೊಡಿ’ ಎಂದ. ಮೂರು ದಿನದ ಮಾತ್ರೆ ಬಂತು. ಉರಿ ಹೋಯಿತು, ವಾರ ಕಳೆದು ಮತ್ತೆ ಬಂತು. ಹೆಂಡತಿಗೆ ಮಾತ್ರ ಏನನ್ನೂ ಹೇಳಲಿಲ್ಲ. ‘ಸುಸ್ತು’ ಎಂದು ಗೋಡೆಯ ಕಡೆ ಹೊರಳಿದ.

ಇವನಿಗೆ ನಾವು ಹೆಸರಿಟ್ಟಿಲ್ಲ. ಆದರೆ ಮೂತ್ರರೋಗ ತಜ್ಞರ ಬಾಗಿಲಲ್ಲಿ, ತೀರಾ ತಡವಾಗಿ ಬಂದು ಕೂರುವ ಗಂಡಸರ ಕಥೆ ಹೆಚ್ಚೂಕಡಿಮೆ ಹೀಗೇ ಇರುತ್ತದೆ.

ತಾತಂದಿರ ಕಾಯಿಲೆಯಲ್ಲ

ಷಷ್ಠಿ ಬರುವ ಹೊತ್ತಿಗೆ ಜಗತ್ತಿನಲ್ಲಿ ಗಂಡಸರ ಆರೋಗ್ಯದ ಮಾತೂ ಜೋರಾಗಿರುತ್ತದೆ. ನವೆಂಬರ್ 19 ಅಂತರರಾಷ್ಟ್ರೀಯ ಪುರುಷರ ದಿನ. 2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೆಲವು ಗೆಳೆಯರು ತಮಾಷೆಗೆಂದು ಶುರು ಮಾಡಿದ ಮೀಸೆ ಬಿಡುವ ಅಭಿಯಾನ ಈಗ ನವೆಂಬರ್ ತಿಂಗಳಿಡೀ ಹಲವು ದೇಶಗಳಲ್ಲಿ ನಡೆಯುತ್ತದೆ.

ಆದರೆ ಆ ತಿಂಗಳು ಪ್ರಾಸ್ಟೇಟ್ ಎಂದರೆ ಕ್ಯಾನ್ಸರ್. ಉಳಿದ ತಿಂಗಳು ಪ್ರಾಸ್ಟೇಟ್ ಎಂದರೆ ರಾತ್ರಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗುವ ತಾತ. ಮೂವತ್ತರ ಹುಡುಗನಿಗೂ ಆ ಗ್ರಂಥಿ ಇದೆ, ಅದೂ ಕೆಡಬಹುದು ಎಂಬುದು ಅವನಿಗೇ ಗೊತ್ತಿರುವುದಿಲ್ಲ. 50 ವರ್ಷದೊಳಗಿನ ಗಂಡಸರನ್ನು ಮೂತ್ರರೋಗ ತಜ್ಞರ ಬಳಿಗೆ ಕರೆತರುವ ಕಾಯಿಲೆಗಳಲ್ಲಿ ಪ್ರಾಸ್ಟೇಟ್ ಉರಿಯೂತಕ್ಕೆ ಮುಂಚೂಣಿಯ ಜಾಗ. ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ನೂರು ಗಂಡಸರಲ್ಲಿ ಸುಮಾರು 8 ಜನರಲ್ಲಿ ಇದರ ಲಕ್ಷಣಗಳನ್ನು ಕಂಡಿತು.

ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು, ಗುದನಾಳದ ಮುಂಭಾಗಕ್ಕೆ ಆತುಕೊಂಡಿರುವ ಗ್ರಂಥಿ ಇದು. ಪ್ರಾಯದಲ್ಲಿ ದೊಡ್ಡದೊಂದು ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರ, ಸುಮಾರು 20 ಗ್ರಾಂ ತೂಕ. ವೀರ್ಯಾಣುಗಳನ್ನು ತಯಾರಿಸುವುದು ವೃಷಣ. ಅವುಗಳಿಗೆ ದಾರಿಖರ್ಚು ಕೊಟ್ಟು ಕಳಿಸುವ ಕೆಲಸದಲ್ಲಿ ಪ್ರಾಸ್ಟೇಟಿನದೂ ಒಂದು ಪಾಲು.

ವೀರ್ಯದ ಒಟ್ಟು ಪ್ರಮಾಣದಲ್ಲಿ ಹೆಚ್ಚಿನ ಭಾಗ ವೀರ್ಯಕೋಶಗಳಿಂದ ಬರುತ್ತದೆ. ಕಾಲು ಭಾಗದಷ್ಟು ಪ್ರಾಸ್ಟೇಟಿನದು. ಅದರಲ್ಲಿ ಸತುವಿದೆ, ಸಿಟ್ರಿಕ್ ಆಮ್ಲವಿದೆ, ಪಿಎಸ್‌ಎ ಎಂಬ ಕಿಣ್ವವಿದೆ. ಹೊರಬಂದ ಕ್ಷಣ ವೀರ್ಯ ಗಟ್ಟಿಯಾಗಿ ಗೋಂದಿನಂತೆ ಅಂಟಿಕೊಂಡಿರುತ್ತದೆ. ಕೆಲವೇ ನಿಮಿಷಗಳಲ್ಲಿ ಅದನ್ನು ನೀರಾಗಿಸಿ ವೀರ್ಯಾಣುಗಳನ್ನು ಬಿಡಿಸಿ ಕಳಿಸುವುದು ಈ ಕಿಣ್ವವೇ. ಕ್ಯಾನ್ಸರ್ ಪತ್ತೆಗೆ ರಕ್ತದಲ್ಲಿ ಅಳೆಯುವ ಪಿಎಸ್‌ಎ ಇದೇ. ಉರಿಯೂತವಿದ್ದಾಗಲೂ ಅದರ ಮಟ್ಟ ಏರುತ್ತದೆ. ವರದಿಯಲ್ಲಿ ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಎದೆ ಒಡೆದುಕೊಳ್ಳಬೇಕಿಲ್ಲ.

ಒಂದು ಹೆಸರು, ನಾಲ್ಕು ಕಾಯಿಲೆ

ಉರಿಯೂತ ಎಂದೊಡನೆ ನಮ್ಮ ತಲೆಗೆ ಬರುವುದು ಸೋಂಕು, ಸೋಂಕಿಗೆ ಆ್ಯಂಟಿಬಯಾಟಿಕ್. ವೈದ್ಯಲೋಕವೂ ಬಹುಕಾಲ ಹೀಗೇ ಯೋಚಿಸಿತು. 1968ರಲ್ಲಿ ಮೀರ್ಸ್ ಮತ್ತು ಸ್ಟೇಮಿ ಎಂಬ ಅಮೆರಿಕದ ಇಬ್ಬರು ವೈದ್ಯರು ಒಂದು ಪರೀಕ್ಷೆ ಕಂಡುಹಿಡಿದರು. ಮೂತ್ರದ ಮೊದಲ ಹನಿಗಳು, ನಡುವಿನ ಮೂತ್ರ, ಪ್ರಾಸ್ಟೇಟನ್ನು ಬೆರಳಿನಿಂದ ಒತ್ತಿದಾಗ ಬರುವ ದ್ರವ, ಆಮೇಲಿನ ಮೂತ್ರ ಎಂದು ನಾಲ್ಕು ಬಾಟಲಿಗಳಲ್ಲಿ ಹಿಡಿದು ರೋಗಾಣು ಎಲ್ಲಿದೆ ಎಂದು ಹುಡುಕುವ ವಿಧಾನ ಅದು.

ಹುಡುಕಿದಾಗ ಅಚ್ಚರಿ ಕಾದಿತ್ತು. ನೋವೆಂದು ಬಂದವರಲ್ಲಿ ಹೆಚ್ಚಿನವರ ಬಾಟಲಿಗಳಲ್ಲಿ ರೋಗಾಣುವೇ ಸಿಗಲಿಲ್ಲ. ಕೊನೆಗೆ 1995ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಕೂರಿಸಿ ಕಾಯಿಲೆಯನ್ನು ನಾಲ್ಕಾಗಿ ಹಂಚಿತು. ಇಂದಿಗೂ ಅದೇ ವಿಂಗಡಣೆ ಚಾಲ್ತಿಯಲ್ಲಿದೆ.

---
ನಾಲ್ಕು ಬಗೆ

1. ದಿಢೀರ್ ಸೋಂಕು: ಚಳಿಜ್ವರ, ಮೂತ್ರಕ್ಕೆ ಹೋದರೆ ಪ್ರಾಣ ಹೋಗುವಂಥ ಉರಿ, ಒಮ್ಮೊಮ್ಮೆ ಮೂತ್ರವೇ ಕಟ್ಟುವುದು. ಇದು ತುರ್ತು ಸ್ಥಿತಿ.

2. ಹಳೆಯ ಸೋಂಕು: ವಾಸಿಯಾದಂತೆ ಕಂಡು ಮತ್ತೆ ಮತ್ತೆ ಮರುಕಳಿಸುವ ಮೂತ್ರದ ಸೋಂಕು. ಹೆಚ್ಚಾಗಿ ಇ-ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ ಕೆಲಸ.

3. ದೀರ್ಘಕಾಲದ ಕಿಬ್ಬೊಟ್ಟೆ ನೋವು: ಕಳೆದ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳು ನೋವು. ಸೋಂಕಿಗೆ ಪುರಾವೆ ಇಲ್ಲ. ಲಕ್ಷಣ ಹೊತ್ತು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರದು ಇದೇ ಗುಂಪು.

4. ಸದ್ದಿಲ್ಲದ ಉರಿಯೂತ: ನೋವಿಲ್ಲ, ಉರಿಯಿಲ್ಲ. ಮಕ್ಕಳಾಗದ ಕಾರಣಕ್ಕೆ ವೀರ್ಯ ಪರೀಕ್ಷೆ ಮಾಡಿದಾಗ ಬಿಳಿ ರಕ್ತಕಣಗಳು ಕಂಡು ಗೊತ್ತಾಗುತ್ತದೆ.

---

ಈ ಪಟ್ಟಿಯ ಮೂರನೆಯ ಸಾಲನ್ನು ಇನ್ನೊಮ್ಮೆ ಓದಿ. ಹತ್ತರಲ್ಲಿ ಒಂಬತ್ತು ಜನರಿಗೆ ಸೋಂಕಿನ ಪುರಾವೆಯೇ ಇಲ್ಲ. ಅವರು ಕೌಂಟರಿನಲ್ಲಿ ಕೇಳಿ ನುಂಗುವ ಆ್ಯಂಟಿಬಯಾಟಿಕ್ ಬಹುಪಾಲು ದಂಡ. ಉಳಿದ ಒಬ್ಬನಿಗೆ ಸೋಂಕು ನಿಜವಾಗಿಯೂ ಇದೆ, ಅವನಿಗೆ ಮೂರು ದಿನದ ಮಾತ್ರೆ ಸಾಲದು. ಪ್ರಾಸ್ಟೇಟಿನ ಒಳಗೆ ಔಷಧ ಇಳಿಯುವುದು ಕಷ್ಟ. ಅದಕ್ಕೇ ಹಳೆಯ ಸೋಂಕಿಗೆ, ಮೂತ್ರದ ಕಲ್ಚರ್ ನೋಡಿ ಆರಿಸಿದ ಮಾತ್ರೆಯನ್ನು ನಾಲ್ಕರಿಂದ ಆರು ವಾರ ಕೊಡುತ್ತಾರೆ. ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ರೋಗಾಣು ಅದೇ ಮಾತ್ರೆಗೆ ಬಗ್ಗದಷ್ಟು ಗಟ್ಟಿಯಾಗುತ್ತದೆ.

ಮೂರನೆಯ ಗುಂಪಿನ ನೋವಿಗೆ ಒಂದೇ ಕಾರಣವಿಲ್ಲ. ಹಿಂದೆಂದೋ ಆದ ಸೋಂಕು ವಾಸಿಯಾದರೂ ನರಗಳು ನೋವಿನ ಸುದ್ದಿ ಕಳಿಸುವುದನ್ನು ನಿಲ್ಲಿಸದಿರಬಹುದು. ಸೊಂಟದ ತಳದ ಸ್ನಾಯುಗಳು ಸದಾ ಬಿಗಿದುಕೊಂಡೇ ಇರಬಹುದು. ಆತಂಕ ಆ ಬಿಗಿತವನ್ನು ಹೆಚ್ಚಿಸಬಹುದು. ಟ್ರ್ಯಾಕ್ಟರ್ ಸೀಟಿನ ಮೇಲೆ, ಅಂಗಡಿಯ ಗಲ್ಲಾದಲ್ಲಿ, ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕೂತರೆ ನೋವು ಕೆರಳುತ್ತದೆ ಎಂದು ರೋಗಿಗಳೇ ಹೇಳುತ್ತಾರೆ.

ಮಕ್ಕಳಾಗುವುದಿಲ್ಲವೇ?

ಎಲ್ಲರ ನಾಲಿಗೆಯ ತುದಿಯಲ್ಲಿರುವ ಪ್ರಶ್ನೆ ಇದು. ಉತ್ತರವನ್ನು ಮೊದಲೇ ಹೇಳಿಬಿಡೋಣ: ಪ್ರಾಸ್ಟೇಟ್ ಉರಿಯೂತ ಬಂದವರೆಲ್ಲ ಬಂಜೆತನಕ್ಕೆ ಒಳಗಾಗುವುದಿಲ್ಲ. ಅನೇಕರು ಅದರ ನಡುವೆಯೇ ಅಪ್ಪಂದಿರಾಗುತ್ತಾರೆ. ಆದರೆ ವೀರ್ಯದ ಗುಣಮಟ್ಟಕ್ಕೆ ಅದು ಪೆಟ್ಟು ಕೊಡಬಲ್ಲದು. ವೀರ್ಯಾಣುಗಳು ಮೊದಲೇ ಅಂಚಿನಲ್ಲಿದ್ದವರಿಗೆ ಆ ಪೆಟ್ಟು ಸಾಕಾಗಬಹುದು.

ಅದು ಪೆಟ್ಟು ಕೊಡುವುದು ಹಲವು ದಾರಿಗಳಲ್ಲಿ. ಉರಿಯೂತದ ಜಾಗಕ್ಕೆ ಧಾವಿಸಿದ ಬಿಳಿ ರಕ್ತಕಣಗಳು ರೋಗಾಣು ಕೊಲ್ಲಲೆಂದು ತೀಕ್ಷ್ಣವಾದ ಆಮ್ಲಜನಕದ ಕಣಗಳನ್ನು ಚೆಲ್ಲುತ್ತವೆ. ವೀರ್ಯಾಣುವಿನ ಹೊರಪೊರೆ ತೀರಾ ನಾಜೂಕು. ಅದು ಸುಟ್ಟರೆ ಬಾಲದ ಬಡಿತ ಕುಂದುತ್ತದೆ. ತಲೆಯೊಳಗಿನ ಡಿಎನ್‌ಎ ಎಳೆಗಳೂ ತುಂಡಾಗಬಹುದು.

ಸೋತ ಪ್ರಾಸ್ಟೇಟ್ ಸತು ಮತ್ತು ಸಿಟ್ರಿಕ್ ಆಮ್ಲವನ್ನು ಕಡಿಮೆ ಸುರಿಸುತ್ತದೆ. ಇ-ಕೊಲೈ ವೀರ್ಯಾಣುಗಳಿಗೆ ನೇರವಾಗಿ ಅಂಟಿಕೊಂಡು ಅವನ್ನು ಗುಂಪುಗೂಡಿಸಿ ನಿಲ್ಲಿಸಬಲ್ಲದು.

ಕೊನೆಯ ದಾರಿ ಅಪರೂಪ, ಆದರೆ ಗಂಭೀರ. ವೀರ್ಯ ಸಾಗಿಸುವ ಎರಡು ಕಿರುನಾಳಗಳು ಪ್ರಾಸ್ಟೇಟಿನ ನಡುವೆಯೇ ಹಾದುಹೋಗುತ್ತವೆ. ಉರಿಯೂತ ಮಾಗಿ ಗಾಯದ ಗುರುತು ಉಳಿದರೆ ಅವು ಕಟ್ಟಿಕೊಳ್ಳಬಹುದು. ಆಗ ವೀರ್ಯದ ಪ್ರಮಾಣ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ, ವೀರ್ಯಾಣುಗಳೇ ಇಲ್ಲದಿರಬಹುದು. ಇದಕ್ಕೆ ದುರ್ಬೀನು ಶಸ್ತ್ರಚಿಕಿತ್ಸೆಯ ದಾರಿ ಇದೆ.

ಮೂರನೆಯ ಗುಂಪಿನ ರೋಗಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2014ರ ವಿಶ್ಲೇಷಣೆಯಲ್ಲಿ ವೀರ್ಯಾಣುಗಳ ಸಾಂದ್ರತೆ, ಮುನ್ನುಗ್ಗುವ ಚಲನೆ, ಸರಿಯಾದ ಆಕಾರ ಮೂರೂ ಆರೋಗ್ಯವಂತರಿಗಿಂತ ಕಡಿಮೆ ಇದ್ದವು. ಹಳೆಯ ಸೋಂಕಿನವರಲ್ಲಿ ಎದ್ದು ಕಂಡದ್ದು ಚಲನೆಯ ಕೊರತೆ. ಕೊರತೆ ಎಂದರೆ ಕಡಿಮೆಯಾಗಿದೆ ಎಂದರ್ಥ. ಇಲ್ಲವೇ ಇಲ್ಲ ಎಂದಲ್ಲ.

ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಹೆಸರು ಕ್ಷಯ. ಶ್ವಾಸಕೋಶ ಬಿಟ್ಟು ಮೂತ್ರ ಮತ್ತು ಜನನಾಂಗಗಳಿಗೂ ಅದು ಇಳಿಯುತ್ತದೆ. ಮೂತ್ರದಲ್ಲಿ ಕೀವುಕಣಗಳಿವೆ, ಸಾಮಾನ್ಯ ಕಲ್ಚರಿನಲ್ಲಿ ಏನೂ ಬೆಳೆಯುತ್ತಿಲ್ಲ ಎಂದಾದರೆ ವೈದ್ಯರು ಕ್ಷಯವನ್ನು ಹುಡುಕುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧ ಉಚಿತ.

---
ವೀರ್ಯ ಪರೀಕ್ಷೆ: ಏನು, ಹೇಗೆ?

• ಪರೀಕ್ಷೆಗೆ ಮುನ್ನ 2ರಿಂದ 7 ದಿನ ಸ್ಖಲನ ಆಗಿರಬಾರದು.

• ಮೊದಲ ಹನಿಗಳಲ್ಲೇ ಹೆಚ್ಚು ವೀರ್ಯಾಣುಗಳಿರುತ್ತವೆ. ಚೆಲ್ಲಿಹೋದರೆ ಮುಚ್ಚುಮರೆ ಇಲ್ಲದೆ ಹೇಳಿ, ಇನ್ನೊಂದು ದಿನ ಕೊಡಿ.

• ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಕೊಣನೂರಿನಲ್ಲಿ ಹಿಡಿದು ಬಸ್ಸಿನಲ್ಲಿ ಹಾಸನಕ್ಕೆ ಒಯ್ದರೆ ವರದಿಗೆ ಅರ್ಥವಿಲ್ಲ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು.

• ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿಗಳು: ಪ್ರಮಾಣ 1.4 ಮಿ.ಲೀ., ಒಂದು ಮಿ.ಲೀ.ಯಲ್ಲಿ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಮುನ್ನುಗ್ಗುವಂಥವು ಶೇ 30, ಸರಿಯಾದ ಆಕಾರದವು ಶೇ 4.

• ಈ ಅಂಕಿಗಳು ಪಾಸು–ಫೇಲಿನ ಗೆರೆಗಳಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ಅಳೆದಾಗ ಕೊನೆಯ ಶೇ 5 ಜನರಲ್ಲಿ ಕಂಡ ಮಟ್ಟ ಇದು. ಇದಕ್ಕಿಂತ ಕಡಿಮೆ ಇದ್ದೂ ಅಪ್ಪಂದಿರಾದವರಿದ್ದಾರೆ.

• ಒಂದು ವರದಿ ಕೆಟ್ಟದಾಗಿ ಬಂದರೆ ಮತ್ತೊಮ್ಮೆ ಮಾಡಿಸಿಯೇ ತೀರ್ಮಾನ.

---

ಹಾಸಿಗೆಯ ಅಂಜಿಕೆ

ಪ್ರಾಸ್ಟೇಟ್ ಉರಿಯೂತದಲ್ಲಿ ಕಾಮಜೀವನ ಸೊರಗುವುದು ಹಲವು ಬಗೆಯಲ್ಲಿ. ಸ್ಖಲನದ ವೇಳೆ ಅಥವಾ ಆಮೇಲೆ ನೋವು. ಶೀಘ್ರಸ್ಖಲನ. ನಿಮಿರುವಿಕೆ ಕೈಕೊಡುವುದು. 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ದೀರ್ಘಕಾಲದ ನೋವಿನ ಗುಂಪಿನವರಲ್ಲಿ ಶೇ 62ರಷ್ಟು ಮಂದಿಗೆ ಒಂದಲ್ಲ ಒಂದು ಲೈಂಗಿಕ ತೊಂದರೆ ಇತ್ತು. ಶೀಘ್ರಸ್ಖಲನ ಶೇ 40, ನಿಮಿರು ದೌರ್ಬಲ್ಯ ಶೇ 29.

ಇಲ್ಲಿ ದೇಹ ಎಲ್ಲಿ ಮುಗಿಯಿತು, ಮನಸ್ಸು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಸುಖದ ಕೊನೆಗೆ ನೋವು ಕಾದಿದೆ ಎಂದು ಗೊತ್ತಾದ ದೇಹ ಮೊದಲೇ ಹಿಂದೆ ಸರಿಯುತ್ತದೆ. ಒಮ್ಮೆ ಸೋತವನಿಗೆ ಮುಂದಿನ ಸಲ ಸೋಲಿನದೇ ಚಿಂತೆ. ಇತ್ತ ಹೆಂಡತಿಗೆ ಬೇರೆಯೇ ಅನುಮಾನ: ನನ್ನ ಮೇಲೆ ಮನಸ್ಸಿಲ್ಲವೇ? ಬೇರೆ ಯಾರಾದರೂ ಇದ್ದಾರೆಯೇ? ಮಾತಾಡದ ಮನೆಯಲ್ಲಿ ಕಾಯಿಲೆ ಜಗಳವಾಗುತ್ತದೆ.

ಅಂಡ ಬಿಡುಗಡೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡ ದಂಪತಿಗೆ ಇದು ಇನ್ನೂ ಕಷ್ಟ. ಕೂಡಲೇಬೇಕಾದ ರಾತ್ರಿಯೇ ಅವನು ತಪ್ಪಿಸಿಕೊಳ್ಳುತ್ತಾನೆ. ವೀರ್ಯಾಣುಗಳು ಎಷ್ಟೇ ಚೆನ್ನಾಗಿದ್ದರೂ ಸಮಾಗಮವೇ ಇಲ್ಲದಿದ್ದರೆ ಗರ್ಭ ಎಲ್ಲಿಯದು? ಉರಿಯೂತ ಮಕ್ಕಳಾಗುವುದಕ್ಕೆ ಅಡ್ಡ ಬರುವ ಈ ದಾರಿ ಯಾವ ಲ್ಯಾಬ್ ವರದಿಯಲ್ಲೂ ಕಾಣುವುದಿಲ್ಲ.

ಇದಕ್ಕೆ ನಮ್ಮದೇ ಒಂದು ಹಳೆಯ ಭಯ ಸೇರಿಕೊಳ್ಳುತ್ತದೆ. ಮಲವಿಸರ್ಜನೆಗೆ ತಿಣುಕುವಾಗ ಕೆಲವರಿಗೆ ಮೂತ್ರದ್ವಾರದಿಂದ ಬಿಳಿಯ ಅಂಟು ದ್ರವ ಬರುತ್ತದೆ. ಒತ್ತಡಕ್ಕೆ ಸಿಕ್ಕ ಪ್ರಾಸ್ಟೇಟಿನ ರಸ ಅದು, ಬಹುಮಟ್ಟಿಗೆ ನಿರಪಾಯಕಾರಿ. ನೋಡಿದವನಿಗೆ ಮಾತ್ರ ‘ಧಾತು ಹೋಗುತ್ತಿದೆ’ ಎಂಬ ದಿಗಿಲು. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಎಂಬ ಲೆಕ್ಕ ಕೇಳಿ ಬೆಳೆದ ಹುಡುಗ ಕನ್ನಡಿಯ ಮುಂದೆ ನಿಂತು ಕೆನ್ನೆ ಒಳಗೆ ಹೋಗಿದೆಯೇ ಎಂದು ನೋಡಿಕೊಳ್ಳುತ್ತಾನೆ.

ಭಾರತದ ಮನೋವೈದ್ಯ ಎನ್‌.ಎನ್‌. ವಿಗ್ 1960ರಲ್ಲೇ ಈ ಭಯವನ್ನು ಗುರುತಿಸಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಸುಸ್ತು, ನಿದ್ದೆಗೇಡು, ನಿರಾಸಕ್ತಿ ಅಲ್ಲಿ ನಿಜ. ಅವಕ್ಕೆ ಕಾರಣ ಹೋದ ವೀರ್ಯವಲ್ಲ, ಹೋಗುತ್ತಿದೆ ಎಂಬ ಕೊರಗು. ಆರೋಗ್ಯವಂತ ವೃಷಣಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತವೆ. ಅದು ತೀರಿಹೋಗುವ ದಾಸ್ತಾನಲ್ಲ.

ಗೋಡೆಯ ಮೇಲಿನ ವೈದ್ಯರು

ಅನುಪಮಾ ನಿರಂಜನ ಕಥೆ–ಕಾದಂಬರಿ ಬರೆದಂತೆಯೇ ವೈದ್ಯೆಯಾಗಿ ಹೆಣ್ಣುಮಕ್ಕಳಿಗೆಂದು ‘ವಧುವಿಗೆ ಕಿವಿಮಾತು’ ಬರೆದರು. ಕನ್ನಡದ ಮನೆಮನೆಯಲ್ಲಿ ಅದು ಓದಿಸಿಕೊಂಡಿತು. ವರನ ಕಿವಿಗೆ ಬಿದ್ದದ್ದು ಗೆಳೆಯರ ಪಿಸುಮಾತು, ಬಸ್ ನಿಲ್ದಾಣದ ಮೂತ್ರಾಲಯದ ಗೋಡೆಗೆ ಅಂಟಿಸಿದ ಚೀಟಿ, ಈಗ ಮೊಬೈಲಿನ ವಿಡಿಯೊ. ‘ನರದೌರ್ಬಲ್ಯಕ್ಕೆ ಶಾಶ್ವತ ಪರಿಹಾರ’, ‘ಗುಪ್ತ ಸಮಸ್ಯೆಗೆ ಗುಪ್ತ ಚಿಕಿತ್ಸೆ’, ಕೆಳಗೊಂದು ಲಾಡ್ಜ್ ರೂಮಿನ ವಿಳಾಸ.

ಅಲ್ಲಿ ಸಿಗುವ ಪುಡಿ–ಲೇಹ್ಯಗಳ ಕೆಲವು ಡಬ್ಬಿಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ಪರೀಕ್ಷೆಗಳಲ್ಲಿ ಬಯಲಾಗಿದೆ. ಹೃದಯದ ತೊಂದರೆಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವನು ಅದನ್ನು ತಿಂದರೆ ಜೀವಕ್ಕೇ ಅಪಾಯ.

ಜಿಮ್‌ಗಳಲ್ಲಿ, ಕೆಲವು ‘ಪುರುಷರ ಕ್ಲಿನಿಕ್’ಗಳಲ್ಲಿ ಸಿಗುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಇನ್ನೊಂದು ಬಲೆ. ಗಂಡಸಿನ ಹಾರ್ಮೋನ್ ಕೊಟ್ಟರೆ ಗಂಡಸುತನ ಹೆಚ್ಚುತ್ತದೆ ಎಂಬುದು ಸರಳ ತರ್ಕ. ದೇಹದ ತರ್ಕ ಬೇರೆ. ಹೊರಗಿನಿಂದ ಹಾರ್ಮೋನ್ ಬಂದರೆ ಮಿದುಳು ವೃಷಣಕ್ಕೆ ಕೊಡುತ್ತಿದ್ದ ಆದೇಶವನ್ನು ನಿಲ್ಲಿಸುತ್ತದೆ, ವೀರ್ಯಾಣು ಉತ್ಪಾದನೆ ಕುಸಿಯುತ್ತದೆ. ಮಗು ಬೇಕೆಂದು ಚುಚ್ಚಿಸಿಕೊಂಡವನ ವೀರ್ಯ ಖಾಲಿಯಾದ ಪ್ರಕರಣಗಳನ್ನು ತಜ್ಞರು ಆಗಾಗ ನೋಡುತ್ತಾರೆ.

---
ಕಾನೂನು 1954ರಲ್ಲೇ ಹೇಳಿದೆ

ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ, 1954. ಕಾಮಶಕ್ತಿ ಹೆಚ್ಚಿಸುವ ಔಷಧದ ಜಾಹೀರಾತನ್ನು ಇದು ನಿಷೇಧಿಸುತ್ತದೆ. ಯಾವ ಯಾವ ಕಾಯಿಲೆಗೆ ‘ಗುಣಪಡಿಸುತ್ತೇವೆ’ ಎಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿಯೂ ಇದರಲ್ಲಿದೆ. ಆ ಪಟ್ಟಿಯಲ್ಲಿ ಷಂಡತನವಿದೆ, ಪ್ರಾಸ್ಟೇಟ್ ಗ್ರಂಥಿಯ ತೊಂದರೆಗಳೂ ಇವೆ. ಗೋಡೆಯ ಮೇಲಿನ ಆ ಚೀಟಿಗಳು ಎಪ್ಪತ್ತು ವರ್ಷಗಳಿಂದಲೂ ಕಾನೂನುಬಾಹಿರ.

---

ಹೊಗೆಸೊಪ್ಪಿನ ಸೀಮೆಯಲ್ಲಿ

ಎಲ್ಲ ಹೊಣೆಯನ್ನೂ ಪ್ರಾಸ್ಟೇಟಿನ ತಲೆಗೆ ಕಟ್ಟುವುದೂ ತಪ್ಪು. ಗಂಡಿನ ಬಂಜೆತನಕ್ಕೆ ಸರಿಪಡಿಸಬಲ್ಲ ಕಾರಣಗಳಲ್ಲಿ ಮೊದಲನೆಯದು ವೃಷಣದ ರಕ್ತನಾಳಗಳು ಉಬ್ಬುವ ವೆರಿಕೋಸೀಲ್. ಚಿಕ್ಕಂದಿನಲ್ಲಿ ಕೆಳಗಿಳಿಯದ ವೃಷಣ, ಪ್ರಾಯಕ್ಕೆ ಬಂದ ಮೇಲೆ ಮಂಗಬಾವು ಬಂದು ವೃಷಣ ಊದಿದ್ದು, ಸಕ್ಕರೆ ಕಾಯಿಲೆ, ವಂಶವಾಹಿ ದೋಷ ಹೀಗೆ ಪಟ್ಟಿ ದೊಡ್ಡದು.

ರಾಮನಾಥಪುರ ಇರುವ, ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಇನ್ನೆರಡನ್ನು ಸೇರಿಸಬೇಕು: ಬಿಸಿ ಮತ್ತು ಹೊಗೆ. ಇದು ತಂಬಾಕಿನ ಸೀಮೆ. ರಾಮನಾಥಪುರದಲ್ಲೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಸೊಪ್ಪು ಮುರಿಯುವ ಕಾಲ ಬಂದರೆ ಸೊಪ್ಪು ಹದಗೊಳಿಸಲು ಹೊಲಗಳ ನಡುವೆ ಕಟ್ಟಿದ ಬ್ಯಾರನ್‌ಗಳಲ್ಲಿ ಹಗಲೂ ರಾತ್ರಿ ಬೆಂಕಿ. ಒಂದು ಬ್ಯಾರನ್ ಸೊಪ್ಪು ಬೇಯಲು ಸುಮಾರು ಒಂದು ವಾರ ಬೇಕು, ಕೊನೆಯ ಹಂತದಲ್ಲಿ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಲೆಗೆ ಸೌದೆ ತಳ್ಳುತ್ತ ರಾತ್ರಿ ಕಾಯುವವರು ಬಹುಪಾಲು ಗಂಡಸರು.

ವೃಷಣಗಳು ದೇಹದ ಹೊರಗೆ ಜೋತುಬಿದ್ದಿರುವುದೇ ತಂಪಿಗಾಗಿ. ದೇಹಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಶಾಖದಲ್ಲಿ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ. ಕುಲುಮೆ, ಬೇಕರಿ ಒಲೆ, ಲಾರಿ ಎಂಜಿನ್ನಿನ ಪಕ್ಕ ದಿನಗಟ್ಟಲೆ ಕೂರುವ ಕೆಲಸ ವೀರ್ಯಾಣುಗಳಿಗೆ ಒಳ್ಳೆಯದಲ್ಲ ಎಂದು ವೈದ್ಯರು ಹೇಳುವುದು ಇದಕ್ಕೇ. ಬ್ಯಾರನ್ ಒಲೆಗೂ ಅದೇ ಮಾತು ಸಲ್ಲುತ್ತದೆ. ಬೀಡಿ–ಸಿಗರೇಟು ಇದರ ಮೇಲಿನ ಬರೆ: ಚಲನೆಯನ್ನೂ ಕುಗ್ಗಿಸುತ್ತದೆ, ಡಿಎನ್‌ಎಯನ್ನೂ ಕೆಡಿಸುತ್ತದೆ.

ಸಮಾಧಾನದ ಸಂಗತಿಯೂ ಇದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಮತ್ತೆ ಕೆಲವು ದಿನ ಬೇಕು. ಇಂದು ಬೀಡಿ ಬಿಟ್ಟರೆ, ಇಂದು ಚಿಕಿತ್ಸೆ ಶುರು ಮಾಡಿದರೆ, ಮೂರು ತಿಂಗಳಿಗೆ ಹೊಸ ಬೆಳೆ. ವರದಿಯನ್ನೂ ಆಗಲೇ ಮತ್ತೆ ನೋಡಬೇಕು. ಹದಿನೈದು ದಿನಕ್ಕೆ ಫಲ ಕಾಣಲಿಲ್ಲವೆಂದು ಡಾಕ್ಟರನ್ನು ಬದಲಿಸಿ ಉಪಯೋಗವಿಲ್ಲ.

ಡಾಕ್ಟರ ಬಳಿ ಹೋದರೆ ಏನು ಮಾಡುತ್ತಾರೆ?

ಗಂಡಸರು ಹಿಂಜರಿಯಲು ಒಂದು ಕಾರಣ, ಒಳಗೆ ಹೋದರೆ ಏನಾಗುತ್ತದೋ ಎಂಬ ಅಂಜಿಕೆ. ಮೊದಲು ಪ್ರಶ್ನೆಗಳು: ನೋವು ಎಲ್ಲಿ, ಎಷ್ಟು ದಿನದಿಂದ, ಮೂತ್ರ ಹೇಗೆ, ಬದುಕಿಗೆ ಎಷ್ಟು ಅಡ್ಡಿ. ಇವನ್ನು ಅಂಕಗಳಲ್ಲಿ ಅಳೆಯುವ ಪ್ರಶ್ನಾವಳಿಯೊಂದು 1999ರಿಂದ ಬಳಕೆಯಲ್ಲಿದೆ. ಸೊನ್ನೆಯಿಂದ 43ರವರೆಗೆ ಅಂಕ. ಚಿಕಿತ್ಸೆಯ ನಂತರ ಅಂಕ ಇಳಿಯಿತೇ ಎಂದು ನೋಡುವುದು ಅದರ ಉಪಯೋಗ.

ಆಮೇಲೆ ಮೂತ್ರ ಪರೀಕ್ಷೆ, ಕಲ್ಚರ್, ಬೇಕಿದ್ದರೆ ಸ್ಕ್ಯಾನಿಂಗ್. ಗುದದ ಮೂಲಕ ಬೆರಳಿನಿಂದ ಪ್ರಾಸ್ಟೇಟ್ ಮುಟ್ಟಿ ನೋಡುವುದು ಒಂದು ನಿಮಿಷದ ಕೆಲಸ. ನಾಲ್ಕು ಬಾಟಲಿಗಳ ಹಳೆಯ ಪರೀಕ್ಷೆಯ ಬದಲು ಒತ್ತುವ ಮೊದಲು ಮತ್ತು ನಂತರದ ಮೂತ್ರ ನೋಡುವ ಎರಡು ಬಾಟಲಿಗಳ ಪರೀಕ್ಷೆಯೇ ಈಗ ಸಾಕು. ಚಳಿಜ್ವರ ಇದ್ದಾಗ ಮಾತ್ರ ಪ್ರಾಸ್ಟೇಟನ್ನು ಒತ್ತಬಾರದು, ಸೋಂಕು ರಕ್ತಕ್ಕೆ ಹರಡಬಹುದು.

ಸೋಂಕಿಲ್ಲದ ದೀರ್ಘ ನೋವಿಗೆ ಒಂದೇ ಮಾತ್ರೆಯ ಚಿಕಿತ್ಸೆ ಇಲ್ಲ. ಮೂತ್ರದ ಬಿಗಿತಕ್ಕೆ ಒಂದು ಔಷಧ, ಉರಿಯೂತಕ್ಕೆ ಇನ್ನೊಂದು, ಸೊಂಟದ ತಳದ ಸ್ನಾಯು ಸಡಿಲಿಸಲು ಫಿಸಿಯೊಥೆರಪಿ, ಆತಂಕಕ್ಕೆ ಆಪ್ತಸಮಾಲೋಚನೆ. ರೋಗಿಗೆ ಯಾವ ತೊಂದರೆ ಎಷ್ಟಿದೆ ಎಂದು ನೋಡಿ ಹೊಂದಿಸುತ್ತಾರೆ.

ಎರಡು ಸಂಗತಿಗಳನ್ನು ಮೊದಲೇ ತಿಳಿದಿದ್ದರೆ ಗಾಬರಿ ತಪ್ಪುತ್ತದೆ. ಟ್ಯಾಮ್ಸುಲೋಸಿನ್, ಸಿಲೊಡೊಸಿನ್‌ನಂಥ ಮಾತ್ರೆ ತೆಗೆದುಕೊಳ್ಳುವಾಗ ಸ್ಖಲನದಲ್ಲಿ ವೀರ್ಯ ಕಡಿಮೆಯಾಗಬಹುದು, ಬಾರದೆಯೂ ಇರಬಹುದು. ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಅದನ್ನು ವೈದ್ಯರಿಗೆ ಹೇಳಬೇಕು. ಹಾಗೆಯೇ ಬೆಚ್ಚನೆಯ ನೀರಿನ ಟಬ್ಬಿನಲ್ಲಿ ಕೂರುವುದು ನೋವಿಗೆ ಹಿತ, ಆದರೆ ಮಗು ಬೇಕೆನ್ನುವವರು ದಿನವೂ ಬಹಳ ಹೊತ್ತು ಕೂರಬಾರದು. ನೋವಿಗೆ ಒಳ್ಳೆಯದಾದ ಬಿಸಿ ವೀರ್ಯಾಣುವಿಗೆ ಒಳ್ಳೆಯದಲ್ಲ.

---
ಎಲ್ಲಿಗೆ ಹೋಗಬೇಕು?

• ಚಳಿಜ್ವರದೊಂದಿಗೆ ಮೂತ್ರ ಉರಿ, ಮೂತ್ರ ಕಟ್ಟಿದ್ದು, ವೃಷಣದಲ್ಲಿ ದಿಢೀರ್ ನೋವು: ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ.

• ಮೂತ್ರ ಅಥವಾ ವೀರ್ಯದಲ್ಲಿ ರಕ್ತ: ಒಮ್ಮೆ ಕಂಡರೂ ತೋರಿಸಿ.

• ಮೂತ್ರದ್ವಾರದಲ್ಲಿ ಕೀವು, ಹುಣ್ಣು: ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಉಚಿತ ಚಿಕಿತ್ಸೆ. ಲೈಂಗಿಕ ಸೋಂಕಾದರೆ ಸಂಗಾತಿಗೂ ಚಿಕಿತ್ಸೆ ಆಗಲೇಬೇಕು.

• ಜಿಲ್ಲೆಯಲ್ಲಿ ದೊಡ್ಡ ಸರ್ಕಾರಿ ಆಸರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಹಿಮ್ಸ್). ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ.

• ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

---

ಗುಟ್ಟಿನ ವಂಶಾವಳಿ

ಗಂಡಿನ ಕೊರತೆಯನ್ನು ಗುಟ್ಟಾಗಿಡುವುದು ನಮಗೆ ಹೊಸದಲ್ಲ. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದಲ್ಲಿ ಹುಟ್ಟಿದ ಎಸ್‌.ಎಲ್‌. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಬಂತು. ವಂಶದ ಪಾವಿತ್ರ್ಯಕ್ಕಾಗಿಯೇ ಬದುಕಿದ ಶ್ರೀನಿವಾಸ ಶ್ರೋತ್ರಿಗಳು ಕೊನೆಗೆ ತಾವು ಆ ವಂಶದ ರಕ್ತವೇ ಅಲ್ಲ ಎಂದು ತಿಳಿಯುತ್ತಾರೆ. ‘ಪರ್ವ’ದಲ್ಲಿ ಅವರೇ ಪಾಂಡುವಿನ ಕಥೆಯಿಂದ ಋಷಿಶಾಪವನ್ನು ಕಳಚಿ, ದೇಹದ ಅಶಕ್ತಿಯನ್ನು ದೇಹದ್ದೇ ಸಂಗತಿಯಾಗಿ ಬರೆದರು.

ಕಾದಂಬರಿಯಲ್ಲಿ ಆದ ಈ ಕೆಲಸ ಮನೆಯಲ್ಲಿ ಆಗಬೇಕಿದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದಂತೆ ಜಗತ್ತಿನಲ್ಲಿ ಆರು ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಬಂಜೆತನ ಎದುರಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ, ಕೆಲವೆಡೆ ಪೂರ್ತಿ ಅವನದೇ.

ಹಾಗಿದ್ದೂ ಪರೀಕ್ಷೆಯ ಸಾಲಿನಲ್ಲಿ ಅವನು ಕೊನೆಗೆ ಬರುತ್ತಾನೆ. ಹೆಣ್ಣಿಗೆ ಮಾಡುವ ಸ್ಕ್ಯಾನಿಂಗ್, ಎಕ್ಸ್‌ರೇ, ಲ್ಯಾಪ್ರೊಸ್ಕೋಪಿಗೆ ಹೋಲಿಸಿದರೆ ವೀರ್ಯ ಪರೀಕ್ಷೆಯಲ್ಲಿ ಸೂಜಿಯಿಲ್ಲ, ಅರಿವಳಿಕೆಯಿಲ್ಲ, ಖರ್ಚೂ ಕಡಿಮೆ. ಇಬ್ಬರನ್ನೂ ಒಟ್ಟಿಗೆ ಪರೀಕ್ಷಿಸಬೇಕು ಎಂದು ಅಮೆರಿಕದ ಮೂತ್ರರೋಗ ಮತ್ತು ಸಂತಾನ ತಜ್ಞರ ಸಂಘಟನೆಗಳ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು.

ಆ ಆರು ತಿಂಗಳಿಗೆ ಕಾರಣವಿದೆ. ಗಂಡಸಿನ ವೀರ್ಯಾಣು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರುತ್ತದೆ. ಹೆಣ್ಣು ತನ್ನ ಅಂಡಗಳನ್ನೆಲ್ಲ ಹುಟ್ಟುವಾಗಲೇ ತಂದಿರುತ್ತಾಳೆ, ಅವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಹೋಗುತ್ತವೆ. ಉರಿಮೂತ್ರವನ್ನು ಬಾಯಿಬಿಟ್ಟು ಹೇಳಲು ಗಂಡ ಎರಡು ವರ್ಷ ತೆಗೆದುಕೊಂಡರೆ ಅವನ ವೀರ್ಯಾಣು ಮತ್ತೆ ಸುಧಾರಿಸಬಹುದು, ಅವಳ ಆ ಎರಡು ವರ್ಷ ವಾಪಸ್ ಬರುವುದಿಲ್ಲ.

ಹರಕೆ ಹೊರುವುದು ಅವರವರ ನಂಬಿಕೆ, ಅದಕ್ಕೆ ಯಾವ ಡಾಕ್ಟರೂ ಅಡ್ಡ ಬರುವುದಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಮಾತ್ರ ಇನ್ನು ಮುಂದೆ ಎರಡು ಚೀಟಿ ಬರೆಸಿ, ಒಂದು ಅವಳ ಹೆಸರಿಗೆ, ಒಂದು ಅವನ ಹೆಸರಿಗೆ. ಅದೂ ಒಂದೇ ದಿನ.